ಕಂಬಳಿಯ ಮೇಲೆ ಹಕ್ಕಿ ಎಣಿಸುವ ಬೀರವ್ವ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಬ್ಬಳ್ಳಿಯ ಹಳ್ಳದ ಜಾಲಿಗಿಡಗಳಿಂದ ಜೋಳದ ಹಕ್ಕಿಗಳ ಹಿಂಡೊಂದು ಎದ್ದು, ಹೊಲದ ಮೇಲೆ ಒಮ್ಮೆ ಹೊರಳಿ ವಾಯವ್ಯಕ್ಕೆ ತಿರುಗುತ್ತದೆ. ಹೊಲ ಕಾಯುವ ಎತ್ತರದ ಮಂಚಿಕೆಯ ಮೇಲೆ ಕುಳಿತ ಬೀರವ್ವ ಕವಣೆ ಬದಿಗಿಟ್ಟು, ಉಡಿಯಿಂದ ಜೋಳ ತೆಗೆದು ಕರಿ ಕಂಬಳಿಯ ಮೇಲೆ ಚೆಲ್ಲುತ್ತಾರೆ. ಮೇಲೆ ಕಂಡ ದಟ್ಟಣೆಗೆ ಕಾಳು ಹೊಂದುವವರೆಗೆ ನಾಲ್ಕು ತೆಗೆಯುತ್ತಾರೆ, ಹತ್ತು ಹಾಕುತ್ತಾರೆ. ಆಮೇಲೆ ಎಣಿಸುತ್ತಾರೆ. ಮುನ್ನೂರ ನಲವತ್ತು.

ಗುಲಾಬಿ ಮೈಯ, ಕರಿತಲೆಯ ಈ ಹಕ್ಕಿಗಳು ಮಧ್ಯ ಏಷ್ಯಾದಿಂದ ಬಂದು, ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಲೇ ಮರಳುತ್ತವೆ. ಅವುಗಳನ್ನು ಓಡಿಸುವುದು ಐವತ್ತೆಂಟರ ಬೀರವ್ವನವರ ಕೂಲಿ. ಸೊಂಟ ಹಿಡಿದ ಮೇಲೆ ಕಳೆ ತೆಗೆಯಲು ಯಾರೂ ಕರೆಯುವುದಿಲ್ಲ. ಉಳಿದಿರುವುದು ಈ ಎರಡು ತಿಂಗಳ ಕೆಲಸವೊಂದೇ. ಎಣಿಸುವುದಕ್ಕೆ ಕೂಲಿಯಿಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ದಾಕ್ಷಾಯಿಣಿ ೧೯೯೭ರಲ್ಲಿ ಇಲ್ಲಿಗೆ ಬಂದಾಗ ಈ ಕಂಬಳಿಯ ಲೆಕ್ಕವನ್ನು ಫೋಟೋಗಳೊಂದಿಗೆ ತಾಳೆ ನೋಡಿದರು. ನೂರಕ್ಕೆ ಎಂಟರಷ್ಟೇ ವ್ಯತ್ಯಾಸ. ಹೊಲದ ಒಡೆಯ ಚನ್ನಯ್ಯನವರಿಗೆ ಇದೊಂದು ತಮಾಷೆ: "ಹಕ್ಕಿ ಹೊಡಿಯಾಕ ಇಟ್ಟರ ಈಕಿ ಹಾಜರಿ ತಗೋತಾಳರಿ."

೧೯೯೮ರ ಮಾರ್ಚ್ ಮೊದಲ ವಾರದ ಲೆಕ್ಕ ಎರಡು ಸಾವಿರದ ಆರುನೂರು. ಅದೇ ವಾರ ಚನ್ನಯ್ಯ ಇಲಿಗಳಿಗೆಂದು ಔಷಧ ಕಲಸಿದ ಜೋಳ ತಂದರು. ಬಿಲಗಳಿಗೆ ಹಾಕಿದವರು ಬೀರವ್ವ. ಬುಟ್ಟಿಯಲ್ಲಿ ಎರಡು ಬೊಗಸೆ ಉಳಿಯಿತು. ಕಾಳನ್ನು ಮಣ್ಣಿಗೆಸೆದು ಅವರಿಗೆ ಗೊತ್ತಿಲ್ಲ. ರಾಶಿಯ ದಿನ ಹಕ್ಕಿಯ ಪಾಲೆಂದು ಬದುವಿನ ಚಪ್ಪಡಿಯ ಮೇಲೆ ಎರಡು ಬೊಗಸೆ ಸುರಿಯುವುದು ರೂಢಿ. ಉಳಿದದ್ದನ್ನೂ ಅಲ್ಲೇ ಸುರಿದರು.

"ಇಲಿ ಔಷಧ ಅಂದ್ರ ಇಲಿಗಷ್ಟ ಅಂತ ತಿಳಕೊಂಡಿದ್ದೆ" ಎನ್ನುತ್ತಾರೆ. ಮರುದಿನ ಲೆಕ್ಕಕ್ಕೆ ಕಾಳು ಬೇಕಾಗಲಿಲ್ಲ. ಒಂದೊಂದನ್ನೇ ಕೈಯಿಂದ ಎತ್ತಿ ಬುಟ್ಟಿಗೆ ಹಾಕುತ್ತ ಎಣಿಸಿದರು. ಇನ್ನೂರ ಹನ್ನೊಂದು. ಕೆಲವು ಇನ್ನೂ ಬೆಚ್ಚಗಿದ್ದವಂತೆ.

ಆಮೇಲಿನ ಪ್ರತಿ ವಸಂತದಲ್ಲೂ ಸಂಖ್ಯೆ ಇಳಿದಿದೆ. ಜಾಲಿ ಕಡಿದಿದ್ದಾರೆ, ಜೋಳದ ಹೊಲಗಳು ಕಡಿಮೆಯಾಗಿವೆ, ಈ ಹಕ್ಕಿಗಳ ಸಂಖ್ಯೆ ತಾನಾಗಿಯೂ ಏರಿಳಿಯುತ್ತದೆ. ಇನ್ನೂರ ಹನ್ನೊಂದು ಸಾವು ಇಷ್ಟು ಇಳಿತಕ್ಕೆ ಕಾರಣವಾಗದು ಎಂದು ದಾಕ್ಷಾಯಿಣಿ ಮತ್ತೆ ಮತ್ತೆ ಬಿಡಿಸಿ ಹೇಳಿದ್ದಾರೆ. ಬೀರವ್ವ ಕೇಳಿಸಿಕೊಳ್ಳುತ್ತಾರೆ, ತಲೆಯಾಡಿಸುವುದಿಲ್ಲ.

೧೯೯೭ರಿಂದೀಚಿನ ಏಳು ವಸಂತಗಳ ಈ ಲೆಕ್ಕ ಈ ತಿಂಗಳು ವರದಿಯಾಗಿ ಅಚ್ಚಾಗಲಿದೆ. ಎಣಿಸಿದವರ ಜಾಗದಲ್ಲಿ ಬೀರವ್ವನವರ ಹೆಸರಿದೆ. ೧೯೯೮ರ ಎದುರಿಗೆ ದಾಕ್ಷಾಯಿಣಿ ಇಷ್ಟೇ ಬರೆದಿದ್ದಾರೆ: ವಿಷದ ಕಾಳು ತಿಂದು ಇನ್ನೂರ ಹನ್ನೊಂದು ಹಕ್ಕಿ ಸತ್ತಿವೆ. ಹಾಕಿದವರು ಯಾರೆಂದಿಲ್ಲ. ಮುದುಕಿಯನ್ನು ಕಾಪಾಡಬೇಕೆಂದೇ ಬಿಟ್ಟ ಮಾತು ಅದು. ವಿಷದ ಸುದ್ದಿಯಲ್ಲಿ ತನ್ನ ಹೊಲ ಗುರುತಾಗುವಂತೆ ಏನಾದರೂ ಅಚ್ಚಾದರೆ ಮುಂದಿನ ಸುಗ್ಗಿಗೆ ಮಂಚಿಕೆ ಹತ್ತಬೇಡವೆಂದು ಚನ್ನಯ್ಯ ಆಗಲೇ ಹೇಳಿಯಾಗಿದೆ.

ಬೀರವ್ವ ಆ ಸಾಲನ್ನು ಎರಡು ಸಲ ಓದಿಸಿ ಕೇಳುತ್ತಾರೆ. ಅದು ಎಲ್ಲಿದೆಯೆಂದು ಕೇಳಿ ಅದರ ಮೇಲೆ ಬೆರಳಿಡುತ್ತಾರೆ. ಹೆಸರು ಬಂದರೆ ಕೆಲಸ ಹೋಗುತ್ತದೆ ಎಂದು ದಾಕ್ಷಾಯಿಣಿ ನೆನಪಿಸುತ್ತಾರೆ. ಅದು ಗೊತ್ತೆಂಬಂತೆ ಬೀರವ್ವ ಕೈ ಆಡಿಸುತ್ತಾರೆ.

"ಎಣಿಸಿದಾಕಿ ನಾ ಅಂತ ಬರದೀರಿ, ಛಲೋ ಆತು. ಹಾಕಿದಾಕೀನೂ ನಾನ ಅಂತ ಬರೀರಿ ಬಾಯಾರ. ನನ್ನ ಲೆಕ್ಕ ಇನ್ನೂತನಾ ಸುಳ್ಳ ಆಗಿಲ್ಲ. ಅದೊಂದು ಬಿಟ್ರ ಸುಳ್ಳ ಆಗತೈತಿ."