ಎರಡು ಕಿಲೋ ಐವತ್ತು ಗ್ರಾಂ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ನಾನು ಅಂಗನವಾಡಿ ಕೆಲಸಕ್ಕೆ ಸೇರಿ ಆಗಿನ್ನೂ ವರ್ಷ ತುಂಬಿರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ತಿಂಗಳಿಗೊಮ್ಮೆ ಊರಿನ ಕೂಸುಗಳನ್ನೆಲ್ಲ ತೂಗಿ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ತೊಲೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿಯಲ್ಲಿ ಅವು ಅಳುತ್ತ ಕಾಲು ಬಡಿಯುವಾಗ ಮುಳ್ಳು ನಿಲ್ಲುವುದನ್ನೇ ಕಾಯುತ್ತ ನಿಲ್ಲುವುದು ನನಗೆ ಇಷ್ಟವಾಗಿತ್ತು.

ಸೋಸಲೆಗೆ ಮದುವೆಯಾಗಿ ಹೋಗಿದ್ದ ಹುಡುಗಿಯೊಬ್ಬಳು ಚೊಚ್ಚಲ ಹೆರಿಗೆಗೆ ಹೆಡತಲೆಯ ತವರಿಗೆ ಬಂದಿದ್ದಳು. ನಂಜನಗೂಡಿನ ಆಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು. ಅವಳ ತಾಯಿ ತಂದುಕೊಟ್ಟ ಚೀಟಿಯಲ್ಲಿ ಮಗುವಿನ ತೂಕ 2050 ಗ್ರಾಂ ಎಂದಿತ್ತು. ನಮ್ಮ ರಿಜಿಸ್ಟರಿಗೆ ಕಿಲೋದಲ್ಲಿ ಬೇಕು. ‘ಎರಡು ಕಿಲೋ ಐವತ್ತು ಗ್ರಾಂ’ ಎಂದು ಬಾಯಲ್ಲಿ ಸರಿಯಾಗಿಯೇ ಹೇಳಿಕೊಂಡು 2.50 ಎಂದು ಬರೆದೆ. ಎರಡೂವರೆಗಿಂತ ಕಡಿಮೆಯಾದರೆ ಕಡಿಮೆ ತೂಕದ ಕೂಸು ಎಂದು ಲೆಕ್ಕ. ಇದು ಪಾಸಾಯಿತು ಅಂದುಕೊಂಡೆ.

ತಿಂಗಳು ಕಳೆದು ತೂಗಿದಾಗ ಮುಳ್ಳು 2.6ಕ್ಕೆ ನಿಂತಿತು. ನಾಲ್ಕಾರು ಹೆಂಗಸರ ಎದುರಿಗೇ ಬಾಣಂತಿಯನ್ನು ಕೇಳಿಬಿಟ್ಟೆ.

“ತಿಂಗಳಿಗೆ ಬರೀ ನೂರು ಗ್ರಾಮಾ? ಹಾಲು ಸರಿಯಾಗಿ ಕುಡಿಸ್ತಿದ್ದೀಯಾ ಇಲ್ವಾ?”

“ರಾತ್ರೆ ಅಗ್ಲು ಕುಡುಸ್ತಾನೆ ಇವ್ನಿ ಟೀಚರ್,” ಎಂದಳು. ಕಣ್ಣು ತುಂಬಿಕೊಂಡು ಮಗುವನ್ನು ಸೆರಗಿನಲ್ಲಿ ಸುತ್ತಿ ಎದ್ದುಹೋದಳು.

ಒಂದು ವಾರದ ಮೇಲೆ ಆರೋಗ್ಯ ಕೇಂದ್ರದ ನರ್ಸಮ್ಮ ಬಂದರು. ಚೀಟಿಯನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ನೋಡಿ, “ಇಲ್ಲಿ ಎರಡು ಸಾವಿರದ ಐವತ್ತಿದೆ. ನೀವು ಎರಡೂವರೆ ಬರ್ದಿದ್ದೀರಲ್ಲಮ್ಮ?” ಎಂದರು.

ನನಗೆ ಥಟ್ಟನೆ ಹೊಳೆಯಲಿಲ್ಲ. ಅವರು ಸೀಮೆಸುಣ್ಣ ತೆಗೆದುಕೊಂಡು, “ಸ್ಕೂಲಲ್ಲಿ ಬಾಯಿಪಾಠ ಮಾಡಿದ ತೂಕದ ಪಟ್ಟಿ ಹೇಳಿ,” ಎಂದರು. ಟಿ. ನರಸೀಪುರದ ಶಾಲೆಯಲ್ಲಿ ಅದನ್ನು ರಾಗವಾಗಿ ಒಪ್ಪಿಸಿದವಳು ನಾನು. ಕಿಲೋ, ಹೆಕ್ಟೋ, ಡೆಕಾ, ಗ್ರಾಂ. ಅವರು ನೆಲದ ಮೇಲೆ ನಾಲ್ಕು ಮನೆ ಎಳೆದು ಒಂದೊಂದರಲ್ಲಿ ಒಂದೊಂದು ಅಂಕಿ ತುಂಬಿದರು. ಕಿಲೋಗೆ ಎರಡು, ಹೆಕ್ಟೋಗೆ ಸೊನ್ನೆ, ಡೆಕಾಗೆ ಐದು, ಗ್ರಾಮಿಗೆ ಸೊನ್ನೆ. ಚುಕ್ಕಿ ಕಿಲೋದ ಪಕ್ಕ. 2.050. ನಾನು ಹೆಕ್ಟೋದ ಸೊನ್ನೆ ನುಂಗಿ, ಐದನ್ನು ಒಂದು ಮನೆ ಮೇಲೆ ಹತ್ತಿಸಿದ್ದೆ. ಐವತ್ತು ಗ್ರಾಂ ಐನೂರಾಗಿತ್ತು.

ಸಂಜೆಗೆ ಕಾಯದೆ ಬಾಣಂತಿಯ ಮನೆಗೆ ಹೋದೆ. ಗೂಡಿನಲ್ಲಿ ಹಾಲಿನ ಪುಡಿಯ ಹೊಸ ಡಬ್ಬವಿತ್ತು. ಸೋಸಲೆಯಿಂದ ನೋಡಲು ಬಂದಿದ್ದ ಅತ್ತೆ, ಸೊಸೆಗೆ ಹಾಲು ಸಾಲದು ಎಂದು ತರಿಸಿದ್ದಂತೆ. ನಾನು ಬಾಗಿಲಲ್ಲಿ ನಿಂತೇ, ತಪ್ಪು ನನ್ನದು ಎಂದೆ.

ಹುಡುಗಿಯ ತಾಯಿ ಬೈದರು. “ವಾರದಿಂದ ನನ್ ಮಗ್ಳು ಅತ್ಕಂಡು ಕುಂತವ್ಳೆ. ನಿಂಗೊಂದ್ ಸೊನ್ನೆ ಬರೆಯಕಾಗ್ನಿಲ್ವಾ?”

ಬಾಣಂತಿ ತಾಯಿಯನ್ನು ತಡೆದು ಕೇಳಿದಳು. “ಇರವ್ವ. ಅಂಗಾರೆ ನನ್ ಮೊಗ ಎಷ್ಟು ಏರ್ಯದೆ ಟೀಚರ್?”

“ಐನೂರೈವತ್ತು ಗ್ರಾಂ. ಅರ್ಧ ಕಿಲೋಗಿಂತ ಜಾಸ್ತಿ. ಎಲ್ಲಾ ನಿನ್ನ ಹಾಲಿಂದ್ಲೇ.”

ಅವಳು ಇನ್ನೊಮ್ಮೆ ಹೇಳಿಸಿಕೊಂಡಳು. ಆಮೇಲೆ, “ಒಂದ್ ಚೀಟೀಲಿ ಬರ್ಕೊಡಿ, ನಮ್ಮತ್ತೇಗೆ ತೋರುಸ್ಬೇಕು,” ಎಂದಳು. ಗ್ರಾಮಿನಲ್ಲೂ ಕಿಲೋದಲ್ಲೂ ಬರೆದು ಸಹಿ ಮಾಡಿಕೊಟ್ಟೆ.

ಕೂಸು ಕಡಿಮೆ ತೂಕದ್ದೇ ಆದ್ದರಿಂದ ಬೆಚ್ಚಗಿಡಿ, ಎದೆಹಾಲನ್ನು ಮಾತ್ರ ಕೊಡಿ, ವಾರಕ್ಕೊಮ್ಮೆ ತೂಗಿ ಎಂದು ನರ್ಸಮ್ಮ ಹೇಳಿದ್ದರು. ಪ್ರತಿ ಶನಿವಾರ ತಕ್ಕಡಿ ಹೊತ್ತು ಅವರ ಮನೆಗೇ ಹೋದೆ. ಚುಕ್ಕಿಯಾದ ಮೇಲೆ ಮೂರು ಅಂಕಿ ಬರೆಯದೆ ಪೆನ್ನು ಎತ್ತುತ್ತಿರಲಿಲ್ಲ. ಮೂರು ತಿಂಗಳಿಗೆ ಮಗು ನಾಲ್ಕು ಕಿಲೋ ದಾಟಿತು. ಬಾಣಂತಿಯೂ ಕೂಸೂ ಸೋಸಲೆಗೆ ಹೊರಟರು.

ಹುಡುಗಿಯ ತಾಯಿ ಮಾತ್ರ ನನ್ನ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಯುಗಾದಿಯ ದಿನ ಮೊಮ್ಮಗಳಿಗೆ ಹಲ್ಲು ಬಂದ ಸುದ್ದಿ ಹೇಳಲು ತಾವೇ ಬಂದರು, ಎರಡು ಒಬ್ಬಟ್ಟು ಕೈಗಿಟ್ಟು ಹೋದರು.