ಬೀಗರಾದ ಮೇಲೆ ಒಂದು ಸೈಕಲ್ ಸುತ್ತು

ನಾವಿಬ್ಬರೂ ಮೊದಲು ಗೆಳೆಯರಾಗಿದ್ದೆವು, ಆಮೇಲೆ ಬೀಗರಾದೆವು. ಗೆಳೆತನಕ್ಕೆ ಅಷ್ಟು ದೊಡ್ಡ ಶಿಕ್ಷೆ ಬೇಕಾಗಿರಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ.

ನಾನು ರೋಣದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಅವನದು ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆಗಳ ಅಂಗಡಿ. ದಸರಾ ಸೂಟಿ ಬಂತೆಂದರೆ ಸೈಕಲ್ಲಿನ ಕ್ಯಾರಿಯರಿಗೆ ಹಾಸಿಗೆ ಸುರುಳಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಇಬ್ಬರೂ ಹೊರಟುಬಿಡುತ್ತಿದ್ದೆವು. ಮಲಪ್ರಭೆ ಗುಡ್ಡ ಸೀಳಿಕೊಂಡು ಹರಿಯುವ ಕಂದರ, ಹೊಳೆಯಾಚೆ ಲೋಕಾಪುರದ ಸುತ್ತಿನ ಸುಣ್ಣದ ಕಲ್ಲಿನ ದಿನ್ನೆಗಳು, ಇಂಥ ಕಡೆಗೆಲ್ಲ. ದೇವರ ಹರಕೆಯಿಲ್ಲ, ನೆಂಟರ ಮನೆಯಿಲ್ಲ, ಬರೀ ಕಲ್ಲು ನೀರು ನೋಡಲು ಇಷ್ಟು ದೂರ ಪೆಡಲ್ ತುಳಿಯುತ್ತಾರೆಂದರೆ ಯಾರೂ ನಂಬುತ್ತಿರಲಿಲ್ಲ. "ಯಾಕ್ರಿ ಮಾಸ್ತರ, ಬಸ್ಸು ಬಂದ್ ಅದಾವೇನ್ರಿ?" ಎಂದು ಕೇಳುತ್ತಿದ್ದರು.

ದಾರಿಯುದ್ದಕ್ಕೂ ನಮ್ಮದು ಬೈದಾಟ. ಏರಿನಲ್ಲಿ ಮೊದಲು ಇಳಿದು ಸೈಕಲ್ ನೂಕಿದವನಿಗೆ ಮುಂದಿನ ಊರಿನತನಕ ಮರ್ಯಾದೆ ಇರುತ್ತಿರಲಿಲ್ಲ. ನಾನು ರಸ್ತೆ ಬದಿಯ ಕಲ್ಲಿನ ಪದರು ತೋರಿಸಿ, ಇಲ್ಲೊಂದು ಕಾಲಕ್ಕೆ ಸಮುದ್ರ ಇತ್ತು ಎಂದು ಶುರು ಮಾಡಿದರೆ, "ಸಾಕ್ ಮಾಡಲೇ, ನಾ ಏನ್ ಪರೀಕ್ಷಾ ಬರಿಯಾಂವ ಅಲ್ಲ" ಎಂದು ಮುಂದೆ ಹೋಗಿಬಿಡುತ್ತಿದ್ದ. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ನಮಗೆ ಒಂದು ಗಳಿಗೆಯೂ ಬೇಕಾಗುತ್ತಿರಲಿಲ್ಲ.

ಅಂಥದೇ ಒಂದು ಸುತ್ತಿನಲ್ಲಿ, ರೊಟ್ಟಿ ತಿನ್ನುತ್ತ ಕೂತಾಗ, ಅವನು ತನ್ನ ಮಗನಿಗೆ ನನ್ನ ಮಗಳನ್ನು ಕೇಳಿದ. ನಾನು ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಹೂಂ ಎಂದೆ. ಮದುವೆ ಚೆನ್ನಾಗಿಯೇ ಆಯಿತು. ಆದರೆ ಚಪ್ಪರ ಬಿಚ್ಚುವ ಮೊದಲೇ ನನ್ನ ಹೆಂಡತಿ ಗದರಿದಳು: "ಬೀಗರಿಗೆ ಲೇ ಅಂತಾರೇನ್ರಿ? ಮಂದಿ ಏನಂದಾರು?" ಅತ್ತ ಅವನ ಮನೆಯಲ್ಲೂ ಅದೇ ಪಾಠ ಆಗಿತ್ತೆಂದು ಕಾಣುತ್ತದೆ. ಅಲ್ಲಿಂದ ನಾವು ಎದುರಾದರೆ ಕೈ ಮುಗಿಯುವುದೇನು, ಬರ್ರಿ ಕೂಡ್ರಿ ಎನ್ನುವುದೇನು! ಹೆಣ್ಣು ಕೊಟ್ಟವನು ನಾನು, ತಗ್ಗಿ ನಡೆಯಬೇಕು. ಹೆಣ್ಣು ತಂದವನು ಅವನು, ಗತ್ತು ಮಾಡಿದನೆಂಬ ಮಾತು ಬರಬಾರದು. ಇಬ್ಬರೂ ಅತಿ ಒಳ್ಳೆಯವರಾಗಿಬಿಟ್ಟೆವು.

ಎರಡು ವರ್ಷಕ್ಕೆ ಮಗಳು ನಾಗರಪಂಚಮಿಗೆಂದು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಗಂಡನ ಮೇಲೆ ಅವಳ ದೂರಿರಲಿಲ್ಲ. ಅತ್ತೆಗೂ ಅವಳಿಗೂ ಒಂದೇ ಅಡುಗೆಮನೆಯಲ್ಲಿ ಹೊಂದಲಿಲ್ಲ, ಅಷ್ಟೆ. "ಅಪ್ಪಾ, ಬ್ಯಾರೆ ಇರಾಕ ಅಲ್ಲೇ ಗಜೇಂದ್ರಗಡದಾಗ ಎರಡ್ ಖೋಲಿ ಬಾಡಿಗಿ ಹಿಡದ್ ಕೊಟ್ರ ಸಾಕು, ನಾಳೇನ ಹೋಗ್ತೀನಿ. ಮಾವಾರ ಮಾತಿಗೆ ಆ ಮನ್ಯಾಗ ಯಾರೂ ಎದರ ಆಡೂದಿಲ್ಲ. ನೀವ ಅವರಿಗೆ ಒಂದ್ ಮಾತ್ ಕೇಳ್ರಿ" ಎಂದಳು. ಹೆಂಡತಿ ಹಿರಿಯರನ್ನು ಕೂಡಿಸೋಣ ಎಂದಳು. ನಾನು ಬೇಡವೆಂದೆ. ದಸರಾ ಸೂಟಿ ಹತ್ತಿರವಿತ್ತು. ಈ ಸಲವೂ ಸೈಕಲ್ ಮೇಲೆ ಹೋಗೋಣವೇ ಎಂದು ಅವನಿಗೆ ಫೋನ್ ಮಾಡಿದೆ. ದಾರಿಗೆ ಬಿದ್ದರೆ ಮಾತು ತಾನೇ ಬರುತ್ತದೆ ಎಂಬುದು ನನ್ನ ಲೆಕ್ಕ. ಅವನು ಎರಡನೆಯ ಮಾತಿಲ್ಲದೆ ಬರುತ್ತೇನೆಂದ.

ರೋಣ ದಾಟುವುದರೊಳಗೆ ಫಜೀತಿ ಶುರುವಾಯಿತು. "ನೀವು ಮುಂದ ನಡೀರಿ" ಎಂದು ನಾನು, "ಛೇ ಛೇ, ನೀವ ನಡೀರಿ ಬೀಗರ" ಎಂದು ಅವನು. ಕಡೆಗೆ ಜೋಡಿ ಎತ್ತುಗಳಂತೆ ರಸ್ತೆ ತುಂಬ ಪಕ್ಕಪಕ್ಕದಲ್ಲೇ ಹೊರಟೆವು. ಹಿಂದಿನಿಂದ ಲಾರಿಯವರು ಹಾರ್ನ್ ಬಾರಿಸಿ ಬೈದರು. ಏರು ಬಂದರೆ ಇಬ್ಬರಿಗೂ ಉಸಿರು ಹತ್ತುತ್ತಿತ್ತು, ಇಬ್ಬರೂ ಇಳಿಯುತ್ತಿರಲಿಲ್ಲ. "ದಣಿವಾತೇನ್ರಿ?" "ಇಲ್ರಿ, ನಿಮಗ?" "ನನಗೂ ಇಲ್ರಿ." ಐವತ್ತು ದಾಟಿದ ಇಬ್ಬರು ಗಂಡಸರು ಮರ್ಯಾದೆಗಾಗಿ ಮೊಣಕಾಲು ಸವೆಸಿಕೊಂಡೆವು.

ಆ ರಾತ್ರಿ ನರಗುಂದದಲ್ಲಿ ಉಳಿದಾಗ ಕೇಳಬೇಕೆಂದುಕೊಂಡೆ. ಅವನು ಗಜೇಂದ್ರಗಡದ ಗುಡ್ಡದ ಮೇಲೆ ಹೊಸದಾಗಿ ನಿಲ್ಲಿಸುತ್ತಿದ್ದ ಗಾಳಿಯಂತ್ರಗಳ ಸುದ್ದಿ ತೆಗೆದ. ಅದರ ರೆಕ್ಕೆ ಎಷ್ಟು ಉದ್ದ, ಅದನ್ನು ತಂದ ಲಾರಿ ತಿರುವಿನಲ್ಲಿ ಹೇಗೆ ಸಿಕ್ಕಿಕೊಂಡಿತು ಎಂದೆಲ್ಲ ಹೇಳಿದ. ನಾನು ಹೌದೇನ್ರಿ, ಹೌದೇನ್ರಿ ಎಂದು ಕೇಳಿದೆ. ನಿದ್ದೆ ಬಂದವರಂತೆ ಇಬ್ಬರೂ ಮಗ್ಗುಲಾದೆವು.

ಮರುದಿನ ನವಿಲುತೀರ್ಥ. ಎರಡು ಗುಡ್ಡಗಳ ನಡುವೆ ಬಂಡೆಗಳು ಗೋಡೆಯಂತೆ ನಿಂತಿವೆ, ಹೊಳೆ ಅವುಗಳ ಬುಡದಲ್ಲಿ. ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಅದರ ಸದ್ದಿಗೆ ಪಕ್ಕದವನ ಮಾತು ಕೇಳುತ್ತಿರಲಿಲ್ಲ. ಬಂಡೆಯ ಮೇಲೆ ಬಹಳ ಹೊತ್ತು ಕೂತೆವು. ನಾನು ಗಟ್ಟಿ ಮನಸ್ಸು ಮಾಡಿ "ಬೀಗರ..." ಎಂದೆ. ಅವನು ತಟ್ಟನೆ ನನ್ನ ಕಡೆ ತಿರುಗಿ ಕಿವಿಗೆ ಕೈ ಹಚ್ಚಿದ. ಆ ಮುಖದಲ್ಲಿ ಎಂಥ ಆತುರ ಇತ್ತೆಂದು ನನಗೆ ಈಗ ಗೊತ್ತಾಗುತ್ತದೆ. "ನೀರು ಈ ಸಲ ಭಾಳ ಐತಲ್ರಿ" ಎಂದೆ. "ಹೌದ್ರಿ, ಭಾಳ ಐತಿ" ಎಂದ.

ಹೊಳೆಗುಂಟ ರಾಮದುರ್ಗಕ್ಕೆ ಬಂದು, ಅಲ್ಲಿಂದ ಸುಣ್ಣದ ಕಲ್ಲಿನ ದಿನ್ನೆ ಹತ್ತಿದೆವು. ಮೇಲೆಲ್ಲ ಬೋಳು ಬಯಲು, ಹೊಲದ ಒಡ್ಡುಗಳಿಗೂ ಬಿಳಿಚು ಕಲ್ಲಿನ ಚಪ್ಪಡಿಗಳೇ. ಇಳಿಜಾರಿನಲ್ಲಿ ನನ್ನ ಮುಂದಿನ ಗಾಲಿ ಸಡಿಲ ಹರಳಿನ ಮೇಲೆ ಜಾರಿತು. ಪಕ್ಕದಲ್ಲೇ ಕಲ್ಲು ತೆಗೆದ ದೊಡ್ಡ ತಗ್ಗು. "ಲೇ ಮಂಗ್ಯಾ, ಹಿಂದಿನ ಬ್ರೇಕ್ ಹಿಡೀಲೇ!" ಎಂದು ಅವನು ಜೀವ ಹೋದಂತೆ ಕೂಗಿದ. ಹಿಡಿದೆ. ತಗ್ಗಿನ ಅಂಚಿಗೆ ಸೈಕಲ್ಲೂ ನಾನೂ ಮಗುಚಿಕೊಂಡೆವು. ಓಡಿಬಂದು ನನ್ನ ರಟ್ಟೆ ಹಿಡಿದೆತ್ತಿದ. ಇಬ್ಬರಿಗೂ ನಗು ಬರುತ್ತಿತ್ತು. ಅಷ್ಟರಲ್ಲಿ ಅವನಿಗೆ ನೆನಪಾಯಿತು. "ತಪ್ಪು ತಿಳೀಬ್ಯಾಡ್ರಿ ಬೀಗರ, ಗಾಬ್ರ್ಯಾಗ ಬಾಯಿ ಜಾರ್ತು" ಎಂದ. ನಾನು ಧೋತರ ಝಾಡಿಸಿಕೊಳ್ಳುತ್ತ, "ಅಯ್ಯ, ಇರ್ಲಿ ಬಿಡ್ರಿ" ಎಂದೆ. ಇರಲಿ ಬಿಡ್ರಿ! ಅವನ ಹೆಗಲ ಮೇಲೆ ಕೈ ಹಾಕಿ, ನನ್ನ ಮಗಳಿಗೆ ಎರಡು ಖೋಲಿ ಹಿಡಿದು ಕೊಡೋ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರು ಎಲ್ಲಿಂದ ತಂದಾನು?

ನಾಲ್ಕನೆಯ ದಿನ ಹೊಳೆಆಲೂರಿನ ಹತ್ತಿರ ಹೊಳೆ ದಾಟಿ, ಸಂಜೆಗೆ ರೋಣ ಮುಟ್ಟಿದೆವು. ಅವನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತ. ಮಗಳು ತಲೆ ತುಂಬ ಸೆರಗು ಹೊದ್ದು ಮಾವನಿಗೆ ನೀರು ತಂದಳು. "ಅತ್ತಿಯಾರು ಅರಾಮ ಅದಾರೇನ್ರಿ?" ಎಂದು ಕೇಳಿದಳು. "ಅರಾಮ ಅದಾರವಾ" ಎಂದ. ತಂಬಿಗೆ ಕೆಳಗಿಟ್ಟು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. ನಾನು, ಕತ್ತಲಾಗುತ್ತದೆ, ಸೈಕಲ್ಲು ಇಲ್ಲೇ ಬಿಟ್ಟು ಬಸ್ಸಿಗೆ ಹೋಗ್ರಿ ಎಂದು ಉಪಚಾರ ಹೇಳಿದೆ. ಅವನು ಕೈ ಮುಗಿದು ಎದ್ದು ಹೋದ.

"ಏನಂದ್ರಪ್ಪಾ?" ಎಂದಳು ಮಗಳು. ನಾನು ಕಂದರದ ನೀರಿನ ಸುದ್ದಿ ಹೇಳತೊಡಗಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಒಳಗೆ ಹೋದಳು. ಹಿಂದೆಯೇ ಹೋದ ನನ್ನ ಹೆಂಡತಿ ಅಳುತ್ತ ಹೊರಗೆ ಬಂದಳು: "ಟ್ರಂಕಿನ್ಯಾಗಿಂದ ಸೀರಿ ತಗದ್ ಇಡಾಕತ್ಯಾಳ್ರಿ. ನೀವ್ ಹ್ವಾದ್ ದಿನಾನ ತುಂಬಿಟ್ಟಿದ್ಲು."

ಆಮೇಲಿನದು ಎಲ್ಲ ಕಡೆ ಆಗುವಂಥದೇ. ನಾವು ಕೇಳಲಿಲ್ಲ, ಅವರು ಕರೆಯಲಿಲ್ಲ. ಮಗಳ ಅತ್ತೆಯ ಬಿಗಿ ಅಳಿಯನಿಗೂ ಬಂತು. ಹಿರಿಯರು ಕೂತರು, ಸಂಬಂಧ ಹರಿಯಿತು. ಹುಡುಗನಿಗೆ ಬೇರೆ ಮದುವೆಯಾಯಿತು. ಮಗಳು ಹೊಲಿಗೆ ಕಲಿತು, ಮನೆಯ ಮುಂದಿನ ಖೋಲಿಯಲ್ಲಿ ಮಷಿನ್ ಇಟ್ಟಳು.

ಒಂದೆರಡು ವರ್ಷದ ಮೇಲೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಅವನು ಎದುರಾದ. ತಪ್ಪಿಸಿಕೊಳ್ಳಬೇಕೆಂದೆ, ಅವನೇ ಬಂದು ಪಕ್ಕದಲ್ಲಿ ಕೂತ. ಆಮೇಲೆ, "ನಾಕ್ ದಿನಾ ನಿನ್ನ ಬಾಯಿ ನೋಡಿದ್ನಲ್ಲೋ. ಕೇಳ್ತಿ, ಈಗ ಕೇಳ್ತಿ ಅಂತ" ಎಂದ.

"ನೀನ ಹೇಳಬೇಕಿತ್ತು" ಎಂದೆ.

"ಗಂಡಿನವರು ನಾವು. ಕಳಸು ಅಂದ್ರ ಜುಲುಮಿ ಮಾಡಿದಂಗ ಆಗ್ತಿತ್ತು. ನೀ ಒಂದ್ ಮಾತ್ ಅಂದಿದ್ರ..." ಎಂದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಕಡೆ ಕೈ ಮಾಡಿದ. "ಅಲ್ಲೇ ನೋಡಿ ಇಟ್ಟಿದ್ನಿ. ಎರಡ್ ಖೋಲಿ. ಸುಣ್ಣಾ ಹಚ್ಚಿಸಿದ್ನಿ."

ಬಸ್ಸು ಬಂತು, ಹತ್ತಿದೆ. ಮನೆ ಮುಟ್ಟಿದಾಗ ಮಗಳು ಮಷಿನ್ ತುಳಿಯುತ್ತಿದ್ದಳು. ತಲೆಯೆತ್ತಿ, "ಗಜೇಂದ್ರಗಡದಾಗ ಯಾರರ ಸಿಕ್ಕಿದ್ರೇನಪ್ಪಾ?" ಎಂದು ಕೇಳಿದಳು. ಯಾರೂ ಇಲ್ಲವ್ವ ಎಂದೆ.