ಕೊಳ್ಳುವಾಗಿನ ಭೂತಗನ್ನಡಿ

ಹಳೆ ಗೊಂಬೆಗಳ ಅಂಗಡಿಯವನು ಮಾರುವಾಗ ಭೂತಗನ್ನಡಿ ಮುಟ್ಟುತ್ತಿರಲಿಲ್ಲ, ಕೊಳ್ಳುವಾಗ ಕೆಳಗಿಡುತ್ತಿರಲಿಲ್ಲ. ಒಂದು ಗೀರೂ ಇಲ್ಲವೆಂದು ಅವನು ದರ್ಜಿ ಅಕ್ಕನ ತಲೆಗೆ ಕಟ್ಟಿದ್ದ ತಗಡಿನ ಸಿಪಾಯಿಯ ತೋಳು, ಮನೆಯಲ್ಲಿ ಧೂಳು ಒರೆಸುವಾಗ ಕಳಚಿ ಅವಳ ಮಡಿಲಿಗೆ ಬಿತ್ತು; ಬುಡದಲ್ಲಿ ಹಳೆ ಅಂಟು ಕಂಡಿತು. ಅಕ್ಕ ಹಲ್ಲು ಕಚ್ಚಿಕೊಂಡು ತೋಳನ್ನು ಮತ್ತೆ ಅಂಟಿಸಿದಳು. ಅಂಗಡಿ ತುಂಬಿದ್ದ ರಜಾದಿನ ಆ ಸಿಪಾಯಿಯನ್ನು ಅವನಿಗೇ ಮಾರಲು ನಾದಿನಿಯನ್ನು ಕಳಿಸಿ, ತಾನು ಬಾಗಿಲಲ್ಲಿ ನಿಂತಳು.

ಅವನು ಭೂತಗನ್ನಡಿ ಹಿಡಿದ. "ತೋಳು ಅಂಟಿಸಿದ್ದು, ಬಣ್ಣ ಬಳಿದಿದ್ದು. ಕಸಕ್ಕೆ ಹಾಕಮ್ಮ."

"ಹೌದಾ ಅಣ್ಣಾ?" ಅಕ್ಕ ಒಳಗೆ ಬಂದಳು. "ಹೋದ ತಿಂಗಳು ಇದನ್ನೇ ಹೊಸದರ ಹಾಗಿದೆ ಅಂತ ನನಗೆ ಮಾರಿದ್ರಲ್ಲ!"

ಅವನು ಇಂಗು ತಿಂದ ಮಂಗನಂತಾದ. ಅಕ್ಕ ಭೂತಗನ್ನಡಿ ಕಿತ್ತುಕೊಂಡು, ಪಕ್ಕದಲ್ಲಿ ಪರ್ಸು ತೆಗೆಯುತ್ತಿದ್ದ ಗಿರಾಕಿಯ ಕೈಗಿತ್ತಳು.

"ನಿಧಾನವಾಗಿ ನೋಡಿ. ಆಮೇಲೆ ಹಿಂದಿರೋರಿಗೂ ಕೊಡಿ."